ಉಪ್ಪು ತೊಳೆದ ಬಲೆ

ಒಂದೇ ಗುಂಡಿಯಲ್ಲಿ ವರ್ಷ ವರ್ಷವೂ ಗಿಡ ನೆಡುವ ಊರು ಬೇರೆ ಎಲ್ಲಾದರೂ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಕಿರಿಮಂಜೇಶ್ವರದ ನಮ್ಮ ಕಡಲ ದಾರಿಯಲ್ಲಂತೂ ಅಂಥ ಗುಂಡಿಗಳು ಸಾಲಾಗಿ ಇದ್ದವು. ಮಳೆ ಹಿಡಿದ ಮೇಲೆ ಒಂದು ದಿನ ಜೀಪು ಬರುತ್ತಿತ್ತು. ಗಿಡ ಇಳಿಸುತ್ತಿದ್ದರು. ಶಾಲೆಯ ಮಕ್ಕಳು ಕೊಡೆ ಹಿಡಿದು ನಿಂತು ಭಾಷಣ ಕೇಳುತ್ತಿದ್ದರು. ಒಬ್ಬರು ಗಿಡ ಹಿಡಿದರೆ ಅದಕ್ಕೆ ಕೈ ತಾಗಿಸಿಕೊಂಡು ಹತ್ತು ಜನ ಫೋಟೋಕ್ಕೆ ನಿಲ್ಲುತ್ತಿದ್ದರು. ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಆ ಗುಂಡಿಗಳಲ್ಲಿ ಒಂದೊಂದು ಕಡ್ಡಿ ಉಳಿದಿರುತ್ತಿತ್ತು. ಮುಂದಿನ ವರ್ಷ ಜೀಪು ಬಂದಾಗ ಆ ಕಡ್ಡಿಯನ್ನು ಕಿತ್ತೆಸೆದು ಅಲ್ಲಿಯೇ ಹೊಸ ಗಿಡ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ದೀಪಾವಳಿಗೆ ಎಣ್ಣೆ ಸ್ನಾನ ಮಾಡಿದ ಹಾಗೆ, ಮಳೆಗಾಲಕ್ಕೆ ಗಿಡ ನೆಡುವುದು.

ಬೇಸರ ಆಗುತ್ತಿದ್ದದ್ದು ನನಗೆ. ಬೇಸರ ಎನ್ನುವುದಕ್ಕಿಂತ ಸಿಟ್ಟು ಎನ್ನುವುದೇ ಸರಿ. ನಮ್ಮ ಕೇರಿಯಲ್ಲಿ ನನ್ನ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಕಲಿಸುತ್ತಿದ್ದ ಅಂಗನವಾಡಿಯ ಮಕ್ಕಳು ನನಗೆ ಹೆದರುತ್ತಿರಲಿಲ್ಲ, ಅವರ ಅಪ್ಪಂದಿರು ಹೆದರುತ್ತಿದ್ದರು.

ಸಿಟ್ಟಿಗೆ ಕಾರಣ ಇತ್ತು. ನಾವು ಅಮ್ಮನನ್ನು ಅಬ್ಬಿ ಎಂದು ಕರೆಯುವವರು. ನನ್ನ ಅಬ್ಬಿ ಮೀನು ಮಾರುತ್ತಿದ್ದಳು. ಕಡಲಿನಿಂದ ಬರುವ ದಾರಿ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಅವಳ ಜಾಗ. ಅಲ್ಲೊಂದು ಹಳೆಯ ಗೋಳಿಮರ, ಅಂದರೆ ಆಲದ ಮರ, ಇತ್ತು. ಅದರ ಬುಡದಲ್ಲಿ ಅವಳು, ಅವಳ ಪಕ್ಕದಲ್ಲಿ ನಮ್ಮ ಕೇರಿಯ ಇನ್ನಷ್ಟು ಹೆಂಗಸರು, ಎದುರಿಗೆ ಬುಟ್ಟಿಗಳು. ಉಡುಪಿ ಬೇರೆ ಜಿಲ್ಲೆಯಾದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆಯ ಗಾಳಿಗೆ ಆ ಮರ ಬುಡಸಮೇತ ಮಗುಚಿಕೊಂಡಿತು. ಪುಣ್ಯಕ್ಕೆ ಯಾರೂ ಅದರಡಿ ಇರಲಿಲ್ಲ. ಮರ ಬಿದ್ದ ಮೇಲೂ ಅಬ್ಬಿ ಜಾಗ ಬಿಡಲಿಲ್ಲ.

"ಮರ ಬಿದ್ರೆ ಬೀಳ್ಲಿ. ಗಿರಾಕಿ ಬಪ್ದ್ ಇಲ್ಲಿಗೇ ಅಲ್ದಾ? ನಾನ್ ಎಲ್ಲಿಗ್ ಹೋಪ್ದ್?" ಎಂದಳು.

ಮಳೆಗಾಲದ ಕಪ್ಪು ಕೊಡೆಯನ್ನು ಬೇಸಿಗೆಯಲ್ಲೂ ಬಿಡಿಸಿಕೊಂಡು ಕೂತಳು. ಆ ಕೊಡೆಯ ನೆರಳು ಎಷ್ಟು? ತಲೆಗೆ ಹಿಡಿದರೆ ಮೀನಿಗಿಲ್ಲ, ಮೀನಿಗೆ ಹಿಡಿದರೆ ತಲೆಗಿಲ್ಲ. ಅವಳು ಮೀನಿಗೇ ಹಿಡಿಯುತ್ತಿದ್ದಳು. ಬೆಳಗಿನ ಹತ್ತು ಗಂಟೆ ಕಳೆದರೆ ಬಂಗುಡೆಯ ಕಣ್ಣು ಮಸುಕಾಗುತ್ತದೆ, ಗಿರಾಕಿ ಮೂಗು ಮುರಿಯುತ್ತಾನೆ. ಮಧ್ಯಾಹ್ನ ಮನೆಗೆ ಬಂದು ಅವಳು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗ ಹೆಗಲಿನ ಚರ್ಮ ಸುಲಿದಿರುವುದು ಕಾಣುತ್ತಿತ್ತು. ಒಂದು ಚೈತ್ರದಲ್ಲಿ ಬುಟ್ಟಿಯ ಮೇಲೆಯೇ ಕವುಚಿ ಬಿದ್ದಳು. ಉಳಿದ ಹೆಂಗಸರು ಮಂಜುಗಡ್ಡೆಯ ನೀರನ್ನೇ ಮುಖಕ್ಕೆ ಚಿಮುಕಿಸಿ ಎಬ್ಬಿಸಿದರಂತೆ. ನಾನು ಓಡಿ ಹೋದಾಗ ಅವಳು ಮತ್ತೆ ಎದ್ದು ಕೂತು ಒಬ್ಬನ ಹತ್ತಿರ ಬೈಗೆ ಮೀನಿನ ರೇಟಿಗೆ ಚರ್ಚೆ ಮಾಡುತ್ತಿದ್ದಳು. ಆ ತಿರುವಿಗೆ ಒಂದು ಮರ ಬೇಕೇ ಬೇಕು ಎಂದು ನನಗೆ ಹಟ ಹುಟ್ಟಿದ್ದು ಅವತ್ತು. ತಗಡಿನ ಮಾಡು ಹಾಕಿಸಿಕೊಡುತ್ತೇವೆ ಎಂದು ನಮ್ಮ ಊರಿನ ಒಬ್ಬರು ಮುಂಬಯಿಯಿಂದ ಹೇಳಿ ಕಳಿಸಿದ್ದರು. ತಗಡಿನ ಕೆಳಗೆ ಕೂತು ನೋಡಿದವರಿಗೆ ಗೊತ್ತು, ಅದು ಕಾವಲಿಯ ಮೇಲೆ ಮುಚ್ಚಿದ ಮುಚ್ಚಳ.

ಇನ್ನು ದನಗಳ ವಿಷಯ. ನಮ್ಮ ಕಡೆ ಗದ್ದೆಯಲ್ಲಿ ಭತ್ತದ ಪೈರು ಇರುವಷ್ಟು ಕಾಲ ದನವನ್ನು ಯಾರೂ ಬಿಡುವುದಿಲ್ಲ. ಬಿಟ್ಟರೆ ನೆರೆಮನೆಯವರು ಸುಮ್ಮನಿರುವುದಿಲ್ಲ. ಕೊಯ್ಲು ಮುಗಿದದ್ದೇ ತಡ, ಹಾಲು ಬತ್ತಿದ ದನಗಳನ್ನೆಲ್ಲ ಹಗ್ಗ ಬಿಚ್ಚಿ ಬಿಡುತ್ತಾರೆ. ಅವು ಬೆಳಿಗ್ಗೆ ಹಟ್ಟಿಯಿಂದ ಹೊರಟರೆ ಊರೆಲ್ಲ ತಿರುಗಿ ಸಂಜೆ ತಾವಾಗಿ ಮನೆ ಸೇರುತ್ತವೆ. ಅಜ್ಜ ಮುತ್ತಜ್ಜನ ಕಾಲದ ಪದ್ಧತಿ, ಯಾರೂ ಪ್ರಶ್ನೆ ಮಾಡಿದ್ದಲ್ಲ. ನಾವು ಕಡಲ ಬದಿಯವರು ದನ ಸಾಕಿದವರಲ್ಲ. ದನ ಇದ್ದದ್ದು ಮೇಲಿನ ಗದ್ದೆಯ ಮನೆಗಳಲ್ಲಿ, ಅದರಲ್ಲೂ ಹೆಚ್ಚಾಗಿ ತಿರುವಿನ ಆಚೆಯ ದೊಡ್ಡ ಮನೆಯಲ್ಲಿ. ಆ ಮನೆಯ ಯಜಮಾನತಿಯನ್ನು ನಾವು ಮೇಲುಮನೆಯಮ್ಮ ಎನ್ನುತ್ತಿದ್ದೆವು. ಅವರ ಮನೆಯ ಒಂದು ಕೆಂದ ದನ, ಒಂದು ಕೊಂಬು ಮೊಂಡು, ನನ್ನ ವೈರಿ. ಗಿಡ ಎಲ್ಲಿ ಚಿಗುರಿದೆ ಎನ್ನುವುದು ನನಗಿಂತ ಮೊದಲು ಅದಕ್ಕೆ ತಿಳಿಯುತ್ತಿತ್ತು.

ಅಂಗನವಾಡಿಯ ಬಾಗಿಲಲ್ಲಿ ಒಂದು ಕೋಲು ಇಟ್ಟುಕೊಂಡಿದ್ದೆ. ಅದು ಮಕ್ಕಳಿಗಲ್ಲ, ಆ ದನಕ್ಕೆ. ಒಂದು ದಿನ ಅದನ್ನು ಓಡಿಸಿಕೊಂಡು ಮೇಲುಮನೆಯ ಅಂಗಳದವರೆಗೂ ಹೋಗಿ, "ಅಮ್ಮ, ನಿಮ್ ದನ ಕಟ್ಟಿ" ಎಂದು ಜಗಳಕ್ಕೆ ನಿಂತೆ. ಮೇಲುಮನೆಯಮ್ಮ ಜಗಲಿಯಲ್ಲಿ ಕೂತು ಉದ್ದಿನ ಬೇಳೆ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಯಾವ್ದ್ ಸರ್ಕಾರಿ ಗಿಡ, ಯಾವ್ದ್ ಹುಲ್ಲ್ ಅಂದೇಳಿ ದನಕ್ಕೆ ಗೊತ್ತಾತ್ತಾ ಹೆಣೆ? ನೀವ್ ನೆಟ್ಟದ್ದ್ ನೀವೇ ಕಾಯ್ಕ್."

ಉರಿದುಕೊಂಡು ಬಂದೆ. ಆದರೆ ದಾರಿಯಲ್ಲಿ ಬರುತ್ತ ಬರುತ್ತ ಅವರು ಹೇಳಿದ್ದರಲ್ಲಿ ತಪ್ಪೇನು ಎಂದು ಹುಡುಕಿದೆ, ಸಿಗಲಿಲ್ಲ. ಅದಕ್ಕೆ ಮತ್ತಷ್ಟು ಸಿಟ್ಟು ಬಂತು.

ನಮ್ಮದೊಂದು ಮಹಿಳೆಯರ ಸಂಘ ಇತ್ತು. ಎಲ್ಲ ಮೀನು ಮಾರುವವರೇ. ನಾಲ್ಕಕ್ಷರ ಬರೆಯಲು ಬರುತ್ತದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಸಂಘದಲ್ಲಿ ವಿಷಯ ಎತ್ತಿದೆ: ಇನ್ನು ಮುಂದೆ ಗಿಡ ಬೇಡ ಎನ್ನೋಣ, ಬೇಲಿ ಕೊಡಿ ಎಂದು ಕೇಳೋಣ. ಎಲ್ಲರಿಗೂ ಹೌದೆನಿಸಿತು. ಕುಂದಾಪುರದ ಒಂದು ಕಚೇರಿಗೆ ಹೋದೆವು, ಅಲ್ಲಿಂದ ಇನ್ನೊಂದಕ್ಕೆ ಕಳಿಸಿದರು. ಎಲ್ಲ ಕಡೆಯೂ ಒಂದೇ ಮಾತು.

"ಗಿಡಕ್ಕೆ ಅನುದಾನ ಇದೆ, ಗುಂಡಿಗೆ ಇದೆ. ಬೇಲಿಗೆ ಇಲ್ಲಮ್ಮ."

"ಹಾಂಗಾರೆ ದನಕ್ಕೆ ಮೇವ್ ಕೊಡುಕೆ ಅನುದಾನ ಇತ್ತ್ ಅಂದೇಳಿ ಬರ್ಕಣಿ. ಅದೇ ಅಲ್ದಾ ಆಪ್ದ್?" ಎಂದೆ ನಾನು. ನನ್ನ ಜೊತೆಗೆ ಬಂದವರು ಸೆರಗು ಬಾಯಿಗೆ ಒತ್ತಿಕೊಂಡರು. ಮೇಜಿನಾಚೆಯವರಿಗೆ ನಗು ಬರಲಿಲ್ಲ. ದನ ಮುಟ್ಟದ ಗಿಡ ಬೇಕಾದರೆ ಅಕೇಶಿಯಾ ನೆಡಿ, ಬೇಲಿಯ ತಾಪತ್ರಯವೇ ಇಲ್ಲ ಎಂದರು. ಅಕೇಶಿಯಾದ ಕೆಳಗೆ ಯಾರಾದರೂ ಮೀನು ಮಾರಿದ್ದುಂಟೇ? ಉದುರಿದ ಎಲೆಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಅದರ ನೆರಳಿಗೆ ನೆರಳೆನ್ನುವ ಮರ್ಯಾದೆಯೇ ಇಲ್ಲ. ನಮಗೆ ಬೇಕಾದದ್ದು ಗೋಳಿ, ನೇರಳೆ, ಹಲಸು. ಅವೇ ದನಕ್ಕೂ ಬೇಕಾದವು.

ಕೊನೆಗೆ ಒಂದು ಸಂಸ್ಥೆಯವರು ಕರಾವಳಿಯ ಊರುಗಳಲ್ಲಿ ಮರ ಬೆಳೆಸಲು ಅನುದಾನ ಕೊಡುತ್ತಾರೆ ಎಂದು ಗೊತ್ತಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಬ್ರಹ್ಮಾವರದ ಕಡೆಯ ಒಬ್ಬ ಮೇಡಂ. ಅವರಲ್ಲಿಗೆ ಹೋಗುವ ದಿನ ನಾನು ಬಾಯಿಮಾತನ್ನು ನಂಬಲಿಲ್ಲ. ದಾರಿಯ ಗುಂಡಿಗಳಲ್ಲಿದ್ದ ಕಡ್ಡಿಗಳನ್ನೆಲ್ಲ ಕಿತ್ತು, ಬಸಳೆಯ ಕಟ್ಟಿನ ಹಾಗೆ ಬಾಳೆನಾರಿನಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರ ಮೇಜಿನ ಮೇಲೆ ಬಿಚ್ಚಿ ಹರಡಿದೆ.

"ಇದೇನು?" ಎಂದರು.

"ನಮ್ಮ ಊರಿನ ವನಮಹೋತ್ಸವ" ಎಂದೆ.

ಅವರು ಒಂದು ಕಡ್ಡಿಯನ್ನು ಎತ್ತಿ ತುದಿಯಲ್ಲಿದ್ದ ಹಲ್ಲಿನ ಗುರುತನ್ನು ಬೆರಳಿನಿಂದ ಸವರಿ ನೋಡಿದರು. ಇನ್ನೊಂದನ್ನು ಎತ್ತಿದರು. ಆಮೇಲೆ ಬಹಳ ಹೊತ್ತು ಮಾತಾಡಿದರು. ನೆಡುವವರಿಗೆ ಕೊಡುವವರು ಎಲ್ಲ ಕಡೆ ಇದ್ದಾರೆ, ಉಳಿಸುವವರಿಗೆ ಕೊಡುವವರಿಲ್ಲ, ತಮ್ಮ ಮೇಲಿನವರನ್ನು ಒಪ್ಪಿಸಿ ನೋಡುತ್ತೇನೆ ಎಂದರು. ಒಪ್ಪಿಸಿದರು ಕೂಡ. ಆದರೆ ಮೂರು ಷರತ್ತು ಬಂತು. ಹಣ ಎರಡು ಕಂತಿನಲ್ಲಿ. ಬೇಸಿಗೆಯ ಕೊನೆಗೆ ಬಂದು ನೋಡುವಾಗ ಗಿಡಗಳು ಜೀವದಲ್ಲಿದ್ದರೆ ಮಾತ್ರ ಎರಡನೆಯ ಕಂತು, ಇಲ್ಲವಾದರೆ ಕರಾವಳಿಯಲ್ಲಿ ಬೇಲಿಗೆಂದು ಇನ್ನು ಯಾರಿಗೂ ಕೊಡುವುದಿಲ್ಲ. ಮತ್ತು ಬೇಲಿಯಲ್ಲಿ ಊರಿನವರ ಪಾಲೂ ಇರಬೇಕು.

"ನಮ್ಮ ಪಾಲು ಬಲೆ" ಎಂದೆ. ಅದಕ್ಕೆ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ನಮ್ಮ ಕೇರಿಯಲ್ಲಿ ಬಸಳೆ ಚಪ್ಪರಕ್ಕೆ ಬಲೆ, ಮಲ್ಲಿಗೆಗೆ ಬಲೆ, ಕೋಳಿ ಒಳಗೆ ಬಾರದ ಹಾಗೆ ಅಡುಗೆಮನೆಯ ಬಾಗಿಲಿಗೂ ಬಲೆ. ದೋಣಿಗೆ ಬೇಡವಾದ ಬಲೆಗೆ ಮನೆಯಲ್ಲಿ ನೂರು ಕೆಲಸ.

ಆ ಮಳೆಗಾಲ ನೆಟ್ಟ ಹಾಗೆ ನಾವು ಹಿಂದೆ ಎಂದೂ ನೆಟ್ಟಿರಲಿಲ್ಲ. ಭಾಷಣ ಇಲ್ಲ, ಫೋಟೋ ಇಲ್ಲ. ಒಂದೊಂದು ಗಿಡವನ್ನು ಒಬ್ಬೊಬ್ಬ ಹೆಂಗಸು ತನ್ನದು ಎಂದು ವಹಿಸಿಕೊಂಡಳು. ತಿರುವಿನ ಜಾಗದಲ್ಲಿ, ಬಿದ್ದ ಮರದ ಬುಡ ಇದ್ದಲ್ಲಿಯೇ, ಅಬ್ಬಿ ತೋಳಿನಷ್ಟು ದಪ್ಪದ ಗೋಳಿಯ ಗೆಲ್ಲೊಂದನ್ನು ಊರಿದಳು. ಗೋಳಿ ಹಾಗೆ ಊರಿದ ಕೊಂಬೆಯಿಂದಲೇ ಬರುತ್ತದೆ. ಆಟಿ ತಿಂಗಳು ಕಳೆಯುವಷ್ಟರಲ್ಲಿ ಅದರ ಮೈತುಂಬ ಚಿಗುರು. ಅಬ್ಬಿ ಮೀನು ಮಾರುವುದು ಬಿಟ್ಟು ಅದನ್ನೇ ನೋಡುತ್ತ ಕೂರುತ್ತಾಳೆ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಗದ್ದೆಯಲ್ಲಿ ಪೈರು ಇತ್ತು, ದನಗಳು ಹಟ್ಟಿಯಲ್ಲಿ ಇದ್ದವು.

ಕೊಯ್ಲು ಹತ್ತಿರ ಬಂದಾಗ ಬೇಲಿ ಕಟ್ಟಲು ಶುರು ಮಾಡಿದೆವು. ಮೊದಲ ಕಂತಿನಲ್ಲಿ ಗಾಳಿಮರದ ಗೂಟ ತಂದೆವು. ಬಲೆ ನಮ್ಮದು. ಇಲ್ಲಿ ನಮಗೆ ಒಣಜಂಬ ಬಂತು. ಮನೆಯ ಹಿಂದೆ ಬಿದ್ದಿರುವ ಹರಕು ಬಲೆ ಕೊಟ್ಟರೆ ಮೇಡಂ ಏನು ತಿಳಿದುಕೊಂಡಾರು? ಊರಿನ ಪಾಲು ಎಂದ ಮೇಲೆ ಒಳ್ಳೆಯದನ್ನೇ ಕೊಡಬೇಕು. ಹಾಗಾಗಿ ಆ ವಾರವಷ್ಟೇ ದೋಣಿಯಿಂದ ಇಳಿಸಿದ, ಇನ್ನೂ ಗಟ್ಟಿ ಇರುವ ಬಲೆಗಳನ್ನು ಗಂಡಸರಿಂದ ಕಾಡಿ ಬೇಡಿ ತೆಗೆದುಕೊಂಡೆವು. ಹಸಿರು, ನೀಲಿ. ಗೂಟಗಳ ಸುತ್ತ ಎಳೆದು, ಬಲೆ ಹೆಣೆಯುವ ಸೂಜಿಯಿಂದ ಸಂದು ಹೊಲಿದು ನಿಲ್ಲಿಸಿದಾಗ ದಾರಿಯೇ ಸಿಂಗಾರಗೊಂಡ ಹಾಗಿತ್ತು. ನಾನು ಕೋಲನ್ನು ಒಳಗಿಟ್ಟೆ. ಇನ್ನು ಬರಲಿ ಆ ಮೊಂಡುಕೊಂಬು, ಎಂದುಕೊಂಡೆ.

ಬಂತು. ದನ ಬಿಟ್ಟ ಮೊದಲ ವಾರವೇ ಬಂತು, ಒಂದೇ ಅಲ್ಲ, ಹಿಂಡು ಸಮೇತ. ಬೆಳಿಗ್ಗೆ ಅಬ್ಬಿ ಬುಟ್ಟಿ ಹೊತ್ತು ತಿರುವಿಗೆ ಹೋದವಳು ಅಲ್ಲಿಂದಲೇ ಕೂಗಿದಳು. ಓಡಿ ಹೋಗಿ ನೋಡುತ್ತೇನೆ, ದಾರಿಯುದ್ದಕ್ಕೂ ದನಗಳು ಸಾಲಾಗಿ ನಿಂತು ಕಣ್ಣು ಮುಚ್ಚಿಕೊಂಡು ಬಲೆ ನೆಕ್ಕುತ್ತಿವೆ. ಬರೀ ನೆಕ್ಕುವುದಲ್ಲ, ಜಗಿಯುತ್ತಿವೆ, ಎಳೆಯುತ್ತಿವೆ. ಗೂಟಗಳು ವಾಲಿದ್ದವು. ಕೆಲವು ಬಲೆಗಳು ನೆಲಕ್ಕೆ ಬಿದ್ದು, ನೆಕ್ಕಿ ಮುಗಿದ ಮೇಲೆ ಒಳಗಿನ ಗಿಡವೂ ಫಲಾಹಾರ ಆಗಿತ್ತು. ಮುಂಚೆಯಾದರೆ ದಾರಿಯಲ್ಲಿ ಹೋಗುವ ದನ ಸಿಕ್ಕಿದ್ದನ್ನು ತಿಂದು ಹೋಗುತ್ತಿತ್ತು. ಈಗ ನಾವೇ ಕರೆದು ಕೂರಿಸಿದ ಹಾಗಿತ್ತು. ತಿರುವಿನಲ್ಲಿ ಗೋಳಿಯ ಗೆಲ್ಲೇ ಇರಲಿಲ್ಲ. ಬರೀ ಗುಂಡಿ.

ಅಬ್ಬಿ ಗುಂಡಿಯ ಪಕ್ಕ ಬುಟ್ಟಿ ಇಳಿಸಿ ಕೊಡೆ ಬಿಡಿಸಿದಳು. ಅವಳು ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಬಸ್ಸಿಗೆ ಕಾದವರು, ದೋಣಿಯಿಂದ ಬಂದ ಗಂಡಸರು, ಎಲ್ಲ ನಗುತ್ತಿದ್ದರು. "ಸಂಘದವ್ರ್ ಗುಡ್ಡಿ ಮೇಲ್ ಬಲೆ ಬೀಸ್ರ್, ದನ ಬಿತ್ತ್ ಕಾಣ್!" ಎಂದೊಬ್ಬ. ನನಗೆ ಅಳು ಬಂತು. ಅಳು ಬಂದದ್ದು ಕಾಣಬಾರದೆಂದು ಎಲ್ಲರಿಗೂ ಸೇರಿಸಿ ಬೈದೆ.

ಆ ಹೊತ್ತಿಗೆ ಮೇಲುಮನೆಯಮ್ಮ ಇಳಿದು ಬಂದರು. ಅವರು ಹಾಗೆ ರಸ್ತೆಗೆ ಬರುವವರೇ ಅಲ್ಲ. ಒಂದು ಕೈಯಲ್ಲಿ ಉಂಡೆ ಸುತ್ತಿದ ನೀಲಿ ಬಲೆ, ಇನ್ನೊಂದು ಕೈಯಲ್ಲಿ ಬೇರು ಸಮೇತ ಗೋಳಿಯ ಗೆಲ್ಲು. ಮೊಂಡುಕೊಂಬಿನ ದನ ಕೊಂಬಿಗೆ ಬಲೆ ಸಿಕ್ಕಿಸಿಕೊಂಡು, ಗೂಟ, ಗೆಲ್ಲು ಎಲ್ಲವನ್ನೂ ಎಳೆದುಕೊಂಡು ಅವರ ಅಂಗಳಕ್ಕೇ ಹೋಗಿತ್ತಂತೆ.

"ಹ್ವಾಯ್, ನಿಮ್ ಬಲೆ ತಕಣಿ. ನಮ್ ದನ ಮೀನ್ ಹಿಡುಕೆ ಹೋಪ್ದಿಲ್ಲ" ಎಂದರು. ಧ್ವನಿಯಲ್ಲಿ ನಗು ಇರಲಿಲ್ಲ. "ಇದ್ನ್ ನುಂಗಿದ್ರೆ ದನ ಉಳಿತಿತ್ತಾ? ಯಾರಿಗ್ ಬಂದ ಬುದ್ಧಿ ಇದ್?"

ನಾನೂ ಬಿಡಲಿಲ್ಲ. "ಬೇಲಿ ಕಂಡ್ರೆ ದನ ಆಚೆ ಹೋತಿಲ್ಯಾ? ನಿಮ್ ದನಕ್ಕೆ ನೈಲಾನ್ ತಿಂಬು ಚಟ ಯಾರ್ ಕಲ್ಸಿದ್?" ಎಂದೆ.

ಅವರು ಉತ್ತರ ಕೊಡಲು ಬಾಯಿ ತೆರೆದವರು ನಿಂತರು. ಬಲೆ ಹಿಡಿದ ಕೈಯನ್ನು ನೋಡಿಕೊಂಡರು. ಬೆರಳುಗಳನ್ನು ಉಜ್ಜಿ ನೋಡಿದರು. ಆಮೇಲೆ, ಅಷ್ಟೂ ಜನರ ಎದುರಿನಲ್ಲಿ, ಬೆರಳನ್ನು ನಾಲಗೆಯ ತುದಿಗೆ ತಾಗಿಸಿದರು.

"ಅಯ್ಯೋ ದೇವ್ರೇ! ಉಪ್ಪ್!" ಎಂದರು. "ಇದ್ ಬೇಲಿ ಅಲ್ಲ ಹೆಣೆ, ನಮ್ ದನಕ್ಕೆ ಉಪ್ಪಿನಕಾಯಿ ಬಡ್ಸಿಟ್ಟಾಂಗ್ ಆಯ್ತ್ ಕಾಣ್!"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಲೆಯಲ್ಲಿ ಉಪ್ಪು ಇರುತ್ತದೆ ಎನ್ನುವುದು ನಮ್ಮ ಒಬ್ಬರ ತಲೆಗೂ ಹೋಗಿರಲಿಲ್ಲ. ಹುಟ್ಟಿದಂದಿನಿಂದ ನಮ್ಮ ಬಟ್ಟೆಯಲ್ಲಿ ಉಪ್ಪು, ಕೂದಲಿನಲ್ಲಿ ಉಪ್ಪು, ಬಾಗಿಲಿನ ಚಿಲಕದಲ್ಲಿ ಉಪ್ಪು. ಉಪ್ಪು ಇದೆ ಎಂದು ತಿಳಿಯಬೇಕಾದರೆ ಅದು ಇಲ್ಲದ ಜಾಗದಲ್ಲಿ ಬದುಕಿರಬೇಕು. ಬಸಳೆ ಚಪ್ಪರದ ಬಲೆಗಳು ಮನೆಯ ಹಿಂದೆ ಮೂರು ನಾಲ್ಕು ಮಳೆಗಾಲ ನೆನೆದು ಸಪ್ಪೆಯಾದ ಬಲೆಗಳು, ಅದಕ್ಕೇ ಅವುಗಳ ಹತ್ತಿರ ಯಾವ ದನವೂ ಬಂದಿರಲಿಲ್ಲ. ಒಳ್ಳೆಯದನ್ನೇ ಕೊಡುತ್ತೇವೆ ಎಂದು ಹೊರಟು ಕಡಲಿನ ಉಪ್ಪನ್ನೇ ತಂದು ಕಟ್ಟಿದ್ದೆವು. ಮೊದಲು ನಕ್ಕದ್ದು ಅಬ್ಬಿ. ಕೊಡೆಯ ಕೆಳಗಿನಿಂದ ಅವಳ ನಗು ಕೇಳಿಸಿತು. ಅವಳ ಹಿಂದೆ ಉಳಿದವರು. ಮೇಲುಮನೆಯಮ್ಮನೂ ತಡೆದುಕೊಳ್ಳಲಾರದೆ ನಕ್ಕುಬಿಟ್ಟರು. ನಗುನಗುತ್ತ ಅಬ್ಬಿ ಎದ್ದು ಅವರ ಕೈಯಿಂದ ಗೆಲ್ಲನ್ನು ತೆಗೆದುಕೊಂಡು ಅದೇ ಗುಂಡಿಗೆ ಇಟ್ಟು ಮಣ್ಣು ಒತ್ತಿದಳು.

ನಗು ನಿಂತ ಮೇಲೆ ಮಾತು ಶುರುವಾಯಿತು. ಹಾಲು ಕೊಡುವ ದನಕ್ಕೆ ಅಕ್ಕಚ್ಚಿನಲ್ಲಿ ಉಪ್ಪು ಹಾಕಿ ಕೊಡುತ್ತಾರೆ, ಬಿಟ್ಟ ದನಕ್ಕೆ ಯಾರೂ ಕೊಡುವುದಿಲ್ಲ, ಅವು ಉಪ್ಪಿಗೆ ಬಾಯಿ ಬಿಡುತ್ತಿರುತ್ತವೆ ಎಂದು ಮೇಲುಮನೆಯಮ್ಮ ಹೇಳಿದರು. ಅದು ಕೇಳಿದ್ದೇ ನನಗೆ ಹೊಳೆಯಿತು. ಒಣಮೀನಿಗೆಂದು ಹರಳುಪ್ಪು ತರುವವರು ನಾವೇ. "ಅಮ್ಮ, ಉಪ್ಪ್ ನಾವ್ ಕೊಡ್ತ್. ನಿಮ್ ಹಟ್ಟಿ ಬಾಗ್ಲಂಗೇ ಇಡಿ. ಅಲ್ಲೇ ನೆಕ್ಕ್‌ಲಿ" ಎಂದೆ. ಅವರು ಸ್ವಲ್ಪ ಯೋಚಿಸಿದರು. ಉಪ್ಪು ಕೊಡುವುದಾದರೆ ಬಲೆ ತೊಳೆಯಲು ನೀರು ತಾವು ಕೊಡುತ್ತೇವೆ ಎಂದರು. ನಮಗೆ ಬೇಕಾದದ್ದೂ ಅದೇ. ಮಳೆ ಬರಲು ಇನ್ನೂ ಅರ್ಧ ವರ್ಷ, ನಮ್ಮ ಕೇರಿಯ ಬಾವಿಗಳಲ್ಲಿ ಕುಡಿಯುವುದಕ್ಕೇ ನೀರು ಅಳೆದು ಸೇದುವ ಕಾಲ.

ಮರುದಿನ ಮೇಲುಮನೆಯ ಪಂಪಿನ ನೀರು ಹರಿಯುವ ತೋಡಿನಲ್ಲಿ ನಾವೆಲ್ಲ ಸೀರೆ ಎತ್ತಿ ಕಟ್ಟಿ ಇಳಿದೆವು. ಆ ಮನೆಯ ಗದ್ದೆಗೆ ಮೀನಿನ ಹೆಂಗಸರು ಹಾಗೆ ಗುಂಪಾಗಿ ಹೋದದ್ದು ಅದೇ ಮೊದಲು. ಬದುವಿನ ಮೇಲೆ ಮೇಲುಮನೆಯಮ್ಮ ಕೊಡೆ ಹಿಡಿದು ನಿಂತಿದ್ದರು. "ಉದ್ದಿನ್ ಗದ್ದಿಗೆ ಈ ನೀರ್ ಒಂದ್ ಹನಿ ಹೋಪುಕಾಗ" ಎಂದು ಕೂಗುತ್ತಿದ್ದರು. ನೀರನ್ನು ಹೊಳೆಯ ಕಡೆಗೆ ತಿರುಗಿಸಿ, ಬಲೆಯನ್ನು ನೆನೆಹಾಕಿ, ಕಲ್ಲಿಗೆ ಬಡಿದು, ಹಿಂಡಿ, ಮತ್ತೆ ನೆನೆಹಾಕಿದೆವು. ಉಪ್ಪು ಹೋಯಿತೋ ಇಲ್ಲವೋ ತಿಳಿಯಲು ದಾರಿ ಒಂದೇ. ಅಬ್ಬಿ ಬಲೆಯ ತುದಿಯನ್ನು ನೆಕ್ಕಿ, "ಇನ್ನೂ ಇತ್ತ್" ಎಂದಳು. ಆದರೆ ಕಡಲಿನವರ ನಾಲಗೆಯನ್ನು ಮೇಲುಮನೆಯಮ್ಮ ನಂಬಲಿಲ್ಲ. ಎಲ್ಲ ಬಲೆಯನ್ನೂ ತಾವೇ ನೆಕ್ಕಿ ನೋಡಿ ಒಪ್ಪಿಗೆ ಕೊಟ್ಟರು. ಅಂದು ನಾವೆಲ್ಲ ಸೇರಿ ನೆಕ್ಕಿದಷ್ಟು ಬಲೆಯನ್ನು ಅವರ ಹಿಂಡು ಕೂಡ ನೆಕ್ಕಿರಲಿಕ್ಕಿಲ್ಲ. ಸಂಜೆಗೆ ಅವರ ಹಟ್ಟಿಯ ಬಾಗಿಲಲ್ಲಿದ್ದ ಕಲ್ಲಿನ ಮರಿಗೆಗೆ ಹರಳುಪ್ಪು ಸುರಿದು ಬಂದೆವು. ಬರುವಾಗ ಅವರು ಎಲ್ಲರಿಗೂ ಅವಲಕ್ಕಿ, ಬೆಲ್ಲ ಕೊಟ್ಟರು. ಅಬ್ಬಿ ಮಾರನೆಯ ದಿನ ಅವರ ಮನೆಗೆ ಒಳ್ಳೆಯ ಅಂಜಲ್ ಮೀನು ಕಳಿಸಿದಳು.

ತಿಂದು ಹೋದ ಗಿಡಗಳ ಜಾಗಕ್ಕೆ ಬೇರೆ ಹಾಕಿದೆವು. ಬೇಸಿಗೆ ಪೂರ್ತಿ ಹೆಂಗಸರು ಕಡಲಿಗೆ ಹೋಗುವಾಗ ಒಂದೊಂದು ಕೊಡ ನೀರು ಹೊತ್ತುಕೊಂಡು ಹೋಗಿ ತಮ್ಮ ತಮ್ಮ ಗಿಡಕ್ಕೆ ಹೊಯ್ದರು. ದನಗಳು ಬರುತ್ತಿದ್ದವು, ಬಲೆಗೆ ಮೂತಿ ಒತ್ತುತ್ತಿದ್ದವು, ರುಚಿ ಇಲ್ಲದೆ ಮುಂದೆ ಹೋಗುತ್ತಿದ್ದವು. ಗೋಳಿ ಮಾತ್ರ ನನ್ನ ಎದೆ ಒಣಗಿಸಿತು. ಎಳೆದಾಡಿದ ಗೆಲ್ಲು ಇದ್ದ ಎಲೆಗಳನ್ನೆಲ್ಲ ಉದುರಿಸಿ ಬರೀ ದೊಣ್ಣೆಯಾಗಿ ನಿಂತಿತು. ಪುಷ್ಯ ಹೋಯಿತು, ಮಾಘ ಹೋಯಿತು, ದೊಣ್ಣೆ ದೊಣ್ಣೆಯೇ. ಅಬ್ಬಿ ಮೀನಿನ ಕತ್ತಿಯ ತುದಿಯಿಂದ ತೊಗಟೆ ಕೆರೆದು ತೋರಿಸುತ್ತಿದ್ದಳು. "ಕಾಣ್, ಹಸಿರ್ ಇತ್ತ್. ಸತ್ತದ್ದಲ್ಲ, ಸಿಟ್ಟ್ ಮಾಡ್ಕಂಡದ್ದ್. ನಿನ್ನಾಂಗೆ." ನಾನು ನಂಬಲಿಲ್ಲ. ಬೇರೆಲ್ಲ ಗಿಡ ಬದುಕಿ ತಿರುವಿನದೇ ಸತ್ತರೆ ನನಗೆ ಆ ಅನುದಾನ ಬಂದೂ ಬಾರದ ಹಾಗೆ.

ಚೈತ್ರದಲ್ಲಿ, ಬಿಸಿಲಿಗೆ ಡಾಂಬರು ಕರಗುವ ದಿನಗಳಲ್ಲಿ, ಆ ದೊಣ್ಣೆಯ ತಲೆಯಲ್ಲಿ ಕೆಂಪು ಮೊಗ್ಗು ಒಡೆಯಿತು. ನಾನು ಅಂಗನವಾಡಿಯ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದೆ.

ಮೇಡಂ ಬಂದದ್ದು ವೈಶಾಖದಲ್ಲಿ. ಜೊತೆಗೆ ಅವರ ಮೇಲಿನವರೊಬ್ಬರು, ಬೇಲಿಗೆ ಹಣ ಕೊಡುವುದೆಂದರೆ ನೀರಿಗೆ ಹಾಕಿದ ಹಾಗೆ ಎನ್ನುವ ಪೈಕಿ. ಕಡಲ ಕಡೆಯಿಂದ ಒಂದೊಂದೇ ಗಿಡ ನೋಡುತ್ತ ಬಂದರು. ಹೆಂಗಸರು ತಂತಮ್ಮ ಗಿಡದ ಹತ್ತಿರ ಮದುವೆಯ ಹೆಣ್ಣಿನ ಕಡೆಯವರ ಹಾಗೆ ನಿಂತಿದ್ದರು. ನೇರಳೆ ಸೊಂಟದೆತ್ತರ, ಹಲಸು ಹಸಿರಾಗಿ ನಳನಳಿಸುತ್ತಿತ್ತು. ಕೊನೆಗೆ ತಿರುವಿಗೆ ಬಂದರು. ಆ ಮೇಲಿನವರು ಗೋಳಿಯ ಚಿಗುರು ನೋಡಿ, "ಈಗೇನೋ ಇದೆ, ದನ ಬಿಟ್ಟಿಲ್ಲವೇನೋ" ಎಂದರು.

ಕೇಳಿಸಿಕೊಂಡ ಹಾಗೆ ಮೊಂಡುಕೊಂಬು ಬಂತು.

ರಸ್ತೆಯ ಆಚೆಯಿಂದ ನಿಧಾನಕ್ಕೆ ದಾಟಿ ನೇರ ಗೋಳಿಯ ಕಡೆಗೆ ನಡೆಯಿತು. ಊರಲ್ಲಿ ಎಲ್ಲೂ ಹಸಿರಿಲ್ಲದ ಕಾಲ, ಎದುರಿಗೆ ಎಳೆ ಚಿಗುರು. ನನ್ನ ಕೈ ಕೋಲಿಗಾಗಿ ಹುಡುಕಿತು. ಅಬ್ಬಿ ನನ್ನ ಮಣಿಕಟ್ಟು ಹಿಡಿದಳು. "ಸುಮ್ನಿರ್. ಕಾಂಬ" ಎಂದಳು. ದನ ಬಲೆಗೆ ಮೂಗು ತಾಗಿಸಿತು. ಮೂಸಿತು. ಉದ್ದ ನಾಲಗೆ ಹೊರಗೆ ಹಾಕಿ ಒಮ್ಮೆ, ಒಂದೇ ಒಮ್ಮೆ, ಬಲೆಯನ್ನು ಮೇಲಿನವರೆಗೂ ನೆಕ್ಕಿತು. ಆಮೇಲೆ ಅದು ಮೋಸ ಹೋದವರ ಹಾಗೆ ತಲೆ ಕೊಡವಿ, ತಿರುಗಿ, ಮೇಲುಮನೆಯ ದಾರಿ ಹಿಡಿದು ತನ್ನ ಉಪ್ಪಿನ ಮರಿಗೆಯ ಕಡೆಗೆ ಹೊರಟುಹೋಯಿತು.

ತುಂಬಿದ ಬಲೆ ದಡಕ್ಕೆ ಬಂದಾಗ ನಮ್ಮ ಕಡೆ ಒಂದು ಕೂಗು ಹಾಕುತ್ತಾರೆ. ಆ ಕೂಗನ್ನು ಅವತ್ತು ತಿರುವಿನಲ್ಲಿ ಹೆಂಗಸರು ಹಾಕಿದರು. ನಾನೂ ಹಾಕಿದೆ. ಬಸ್ಸಿನೊಳಗಿದ್ದವರು ಏನಾಯಿತೆಂದು ಇಣುಕಿ ನೋಡಿದರು. ಮೇಡಂ ನಗುತ್ತ ಮೇಲಿನವರಿಗೆ ಹೇಳಿದರು, "ಸರ್, ವರದಿ ನಾವು ಬರೆಯುವುದೇ ಬೇಡ. ಈಗ ಹೋಯಿತಲ್ಲ ದನ, ಅದೇ ಕೊಟ್ಟಿತು."

ಎರಡನೆಯ ಕಂತು ಬಂತು. ಅದಕ್ಕಿಂತ ದೊಡ್ಡದು, ಮರುವರ್ಷದಿಂದ ಆ ಸಂಸ್ಥೆ ಬೇಲಿಗೆಂದೇ ಅನುದಾನ ಇಟ್ಟಿತು, ಹಳೆಯ ಬಲೆಯನ್ನು ಊರಿನ ಪಾಲು ಎಂದು ಒಪ್ಪಿಕೊಂಡಿತು. ಶಿರೂರಿನಿಂದ ಕೇಳಿಕೊಂಡು ಬಂದರು, ಯಡ್ತರೆಯಿಂದ ಬಂದರು. ಬಲೆ ಇಲ್ಲದ ಊರುಗಳಿಗೆ ಕಡಲ ಬದಿಯ ಸಂಘಗಳು ಬಲೆ ಕೊಟ್ಟವು. ನನ್ನನ್ನು ಎಲ್ಲ ಕಡೆಗೂ ಕರೆದರು. ಹಿಂದೆ ಬೇಲಿಗೆ ಹಣ ಇಲ್ಲಮ್ಮ ಎಂದ ಕಚೇರಿಯಲ್ಲಿಯೂ ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟರು. ಕುಡಿದೆ, ಸಕ್ಕರೆ ಕಡಿಮೆ ಎಂದು ಹೇಳಿಯೇ ಕುಡಿದೆ. ಎಲ್ಲಿ ಹೋದರೂ ನಾನು ಹೇಳುತ್ತಿದ್ದದ್ದು ಒಂದೇ: ಕಟ್ಟುವ ಮೊದಲು ಬಲೆ ನೆಕ್ಕಿ ನೋಡಿ. ಜನ ನಗುತ್ತಿದ್ದರು. ನಗಲಿ. ನೆಕ್ಕದೆ ಕಟ್ಟಿದವರು ಆಮೇಲೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಗೋಳಿ ಒಮ್ಮೆ ಸಿಟ್ಟು ಬಿಟ್ಟ ಮೇಲೆ ಬೆಳೆದದ್ದೇ ಬೆಳೆದದ್ದು. ಕೆಲವು ವರ್ಷದಲ್ಲಿ ಬಲೆ ಬಿಚ್ಚಿದೆವು, ಗೂಟ ಕಿತ್ತೆವು. ಅಬ್ಬಿ ಮಾತ್ರ ಅಭ್ಯಾಸಬಲದಿಂದ ಆಮೇಲೂ ಬಹಳ ಕಾಲ ಕೊಡೆ ಹಿಡಿದುಕೊಂಡೇ ಹೋಗುತ್ತಿದ್ದಳು. ಒಂದು ಬೇಸಿಗೆಯ ಬೆಳಿಗ್ಗೆ ನೋಡುತ್ತೇನೆ, ಕೊಡೆ ಮನೆಯ ಗೋಡೆಯಲ್ಲೇ ನೇತಾಡುತ್ತಿದೆ. ಮರೆತು ಹೋಗಿದ್ದಾಳೆ, ಮತ್ತೆಲ್ಲಾದರೂ ತಲೆಸುತ್ತಿ ಬಿದ್ದರೆ ಎಂದು ಗೊಣಗುತ್ತ ಅದನ್ನು ಹಿಡಿದುಕೊಂಡು ಬಿಸಿಲಿನಲ್ಲಿ ತಿರುವಿಗೆ ಓಡಿದೆ.

ಅಬ್ಬಿ ಗೋಳಿಯ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಅವಳ ಮೇಲೆ ನೆರಳು, ಬುಟ್ಟಿಯ ಮೇಲೂ ನೆರಳು. ಬಂಗುಡೆಯ ಕಣ್ಣು ಆಗಷ್ಟೇ ಕಡಲಿನಿಂದ ಬಂದ ಹಾಗೆ ಫಳಫಳ ಅನ್ನುತ್ತಿತ್ತು. ಮತ್ತು ಅವಳ ಪಕ್ಕದಲ್ಲಿಯೇ, ಮೈ ಚೆಲ್ಲಿ, ಮೆಲುಕು ಹಾಕುತ್ತ, ಮುದಿಯಾದ ಆ ಮೊಂಡುಕೊಂಬು.

ನನಗೆ ಹಳೆಯ ಸಿಟ್ಟೆಲ್ಲ ಒಮ್ಮೆಗೇ ಏರಿತು. ಕೊಡೆಯನ್ನೇ ಕೋಲಿನ ಹಾಗೆ ಎತ್ತಿದೆ.

"ಹೊಡಿಬ್ಯಾಡ ಮಗಾ" ಎಂದಳು ಅಬ್ಬಿ. "ಅದಕ್ಕೂ ಬಿಸ್ಲ್ ಅಲ್ದಾ?" ಎಂದು ಬುಟ್ಟಿಯನ್ನು ತನ್ನ ಕಡೆಗೆ ಒಂಚೂರು ಎಳೆದುಕೊಂಡು ದನಕ್ಕೆ ಜಾಗ ಬಿಟ್ಟಳು. ಆಮೇಲೆ ನನ್ನ ಕೈಯಲ್ಲಿದ್ದ ಕೊಡೆಯನ್ನು ಆಗಷ್ಟೇ ಕಂಡವಳ ಹಾಗೆ ನೋಡಿ ಕೇಳಿದಳು:

"ಇದ್ನ್ ಎಂತಕ್ ತಂದದ್?"